ಲ್ಯಾಬ್ ಮೂಲೆಯಿಂದ: ಹನ್ನೆರಡು ತುಂಡಿನ ಪದ

ಈ ಸಲ ನಾಲಿಗೆಯ ವಿಚಾರ.

ಅಮೆರಿಕಕ್ಕೆ ಬಂದ ಮೊದಲ ವರ್ಷ, ಸೆಮಿನಾರಿನಲ್ಲಿ ನನ್ನ ಸರದಿ. ಊರಿನ ಕಾಲೇಜಿನಲ್ಲಿ ಕಲಿತ ಹಾಗೆ ‘ಪ್ಯಾರಾಡೈಮೀಥೈಲಮೈನೋಬೆಂಜಾಲ್ಡಿಹೈಡ್’ ಎಂದು ಒಂದೇ ಉಸಿರಿಗೆ ಹೇಳಿದೆ. ಮುಂದಿನ ಸಾಲಿನಿಂದ ‘ಏನು?’ ಎಂದರು. ಮತ್ತೆ ಹೇಳಿದೆ. ಮತ್ತೆ ‘ಏನು?’ ಕೊನೆಗೆ ಬೋರ್ಡಿನ ಮೇಲೆ ಬರೆದೆ. ಆಮೇಲೆ ಎಷ್ಟೋ ತಿಂಗಳು ಸೆಮಿನಾರಿನಲ್ಲಿ ಬಾಯಿಯೇ ಬಿಡಲಿಲ್ಲ.

ಆದರೆ ಬಿಡುವಂಥ ವಸ್ತುವಲ್ಲ ಅದು. ಎರ್ಲಿಕ್ ರೀಏಜೆಂಟಿನಲ್ಲಿರುವುದು ಇದೇ ಪುಡಿ. ಇಂಡೋಲ್ ಇದ್ದ ಕಡೆ ಚಿಮುಕಿಸಿದರೆ ನೇರಳೆ ಬಣ್ಣ ಏಳುತ್ತದೆ. ಪಕ್ಕದ ಬೆಂಚಿನ ಹಿರಿಯ ಟೆಕ್ನೀಷಿಯನ್ ಒಬ್ಬರು ನನ್ನ ಪಾಡು ನೋಡಿ ಒಂದು ಕಾರ್ಡಿನ ಮೇಲೆ ಪದವನ್ನು ತುಂಡರಿಸಿ ಕೊಟ್ಟರು. ನಮ್ಮ ಲಿಪಿಯಲ್ಲಿ ಹೀಗೆ:

ಪ್ಯಾ-ರ-ಡೈ-ಮೆ-ಥಿಲ್-ಅ-ಮೀ-ನೋ-ಬೆನ್-ಜಾಲ್-ಡಿ-ಹೈಡ್.

‘ಮೆ’, ‘ಮೀ’, ‘ಜಾಲ್’ ಈ ಮೂರರ ಕೆಳಗೆ ಗೆರೆ ಎಳೆದಿದ್ದರು.

ಗುಟ್ಟು ಆ ಗೆರೆಗಳಲ್ಲಿತ್ತು. ‘ಮೀಥೈಲ್’ ಬ್ರಿಟಿಷರ ರೂಢಿ, ‘ಮೆಥಿಲ್’ ಇಲ್ಲಿಯದು, ಅದರಲ್ಲಿ ತಪ್ಪೇನಿಲ್ಲ. ನಾವು ಕನ್ನಡದವರು ಪ್ರತಿ ಅಕ್ಷರಕ್ಕೂ ಸಮಪಾಲು ಕೊಡುತ್ತೇವೆ. ಇಂಗ್ಲಿಷ್ ಕಿವಿಯಾದರೋ ಒತ್ತು ಬಿದ್ದ ಅಕ್ಷರವನ್ನು ಹಿಡಿದೇ ಪದವನ್ನು ಗುರುತಿಸುತ್ತದೆ. ಒತ್ತು ಇಲ್ಲದಿದ್ದರೆ ಉಚ್ಚಾರ ಎಷ್ಟು ಸ್ಪಷ್ಟವಾಗಿದ್ದರೂ ಅವರಿಗೆ ಸಿಗುವುದಿಲ್ಲ.

ಇನ್ನೊಂದು ತಮಾಷೆ. ಬಾಯಿ ಒಡೆಯುವುದು ‘ಬೆನ್-ಜಾಲ್’ ಎಂದು. ಅರ್ಥ ಒಡೆಯುವುದು ‘ಬೆಂಜ್-ಆಲ್ಡಿಹೈಡ್’ ಎಂದು. ನಮಗಿದು ಹೊಸದಲ್ಲ. ಜಗತ್+ಈಶ ಎಂದು ಬಿಡಿಸುತ್ತೇವೆ, ‘ಜ-ಗ-ದೀ-ಶ’ ಎಂದು ಕೂಗುತ್ತೇವೆ!

‘ಆಲ್ಡಿಹೈಡ್’ ಎಂದರೆ ಆಲ್ಕೊಹಾಲಿನಿಂದ ಜಲಜನಕ ತೆಗೆದದ್ದು. ‘ಬೆಂಜ್’ ಎಲ್ಲಿಯದು? ಅರಬರ ‘ಲುಬಾನ್ ಜಾವಿ’, ಅಂದರೆ ಜಾವಾದ ಧೂಪ. ಯೂರೋಪಿನವರ ಬಾಯಲ್ಲಿ ಮುಂದಿನ ‘ಲು’ ಉದುರಿ ‘ಬೆಂಜಾಯಿನ್’ ಆಯಿತು. ಅದು ನಮ್ಮ ಸಾಂಬ್ರಾಣಿಯೇ! ಅಮ್ಮ ಶುಕ್ರವಾರ ಸಂಜೆ ಕೆಂಡದ ಮೇಲೆ ಹಾಕುತ್ತಿದ್ದ ವಸ್ತುವಿನ ಹೆಸರನ್ನು ಹೇಳಲು ನಾನು ಅಷ್ಟು ನಡುಗಿದ್ದೆ.

ಹೊಸದಾಗಿ ಬಂದಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕಷ್ಟದ ಪದ ಬಂದರೆ ತುಂಡು ಮಾಡಿ, ಒತ್ತು ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ಗೆರೆ ಎಳೆದುಕೊಳ್ಳಿ, ಮನೆಯಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳಿ. ಪ್ರಶ್ನೆಯನ್ನು ಮಾತ್ರ ನುಂಗಬೇಡಿ. ಆ ಮೌನದ ತಿಂಗಳುಗಳಲ್ಲಿ ನಾನು ನುಂಗಿದ ಪ್ರಶ್ನೆಯೊಂದನ್ನು ಮುಂದಿನ ವಾರವೇ ಇನ್ನೊಬ್ಬ ವಿದ್ಯಾರ್ಥಿ ಕೇಳಿದ. ಅದೇ ಬೆಳೆದು ಅವನ ಮೊದಲ ಪ್ರಬಂಧವಾಯಿತು. ಪದವನ್ನು ಅವನೂ ತಪ್ಪಾಗಿಯೇ ಹೇಳಿದ್ದ.

ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ. ಬೇಕಾದವರು ಬಂದು ನೋಡಬಹುದು.