ಪಂಚಗಂಗೆ ದಡದ ಪಂಚಾಂಗ

ನಮ್ಮ ರಾಯಚೂರು ಸೀಮೆಯಲ್ಲಿ ಮಳೆ ಇಲ್ಲದ ದಿನವೂ ಕೃಷ್ಣಾ ನದಿ ತುಂಬಿ ಬರುವುದುಂಟು. ತಲೆ ಮೇಲೆ ಸುಡು ಬಿಸಿಲು, ಕಾಲ ಬುಡಕ್ಕೆ ನೆರೆ ನೀರು. ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು, ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತು, ನಡುಗಡ್ಡೆಯ ಮಂದಿ ಆಚೆ ಉಳಿದರು ಎಂಬ ಸುದ್ದಿ ಬಂದರೆ ಊರ ಹಿರಿಯರು ಕೇಳುವ ಮೊದಲ ಮಾತು, "ಮ್ಯಾಲ ಎಷ್ಟ್ ಬಿಟ್ಟಾರ?" ಈ 'ಮ್ಯಾಲ' ಎಂಬುದರಲ್ಲಿ ನಾರಾಯಣಪುರ, ಆಲಮಟ್ಟಿ ಮಾತ್ರವಲ್ಲ, ಅವುಗಳಿಗೂ ಮೇಲಿನ ಕೊಯ್ನಾ, ಪಂಚಗಂಗಾ, ದೂಧಗಂಗಾ, ಹಿರಣ್ಯಕೇಶಿ ಎಲ್ಲವೂ ಸೇರಿವೆ. ಹತ್ತಿ, ಬೆಲ್ಲದ ವ್ಯವಹಾರಕ್ಕೆಂದು ಮೂವತ್ತು ವರ್ಷದಿಂದ ನಾನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಹೋಗಿ ಬರುತ್ತಿದ್ದೇನೆ. ಅಲ್ಲಿಯ ಹೊಳೆದಂಡೆಯ ಮಂದಿಯ ಬಾಳುವೆ ಕಂಡಿದ್ದೇನೆ. ಅವರ ಋತುಮಾನ ಹೇಗೆ ಬದಲಾಗಿದೆ, ಅದಕ್ಕೂ ನಮಗೂ ಏನು ಸಂಬಂಧ ಎಂಬುದನ್ನು ಗಡಿಯ ಎರಡೂ ಕಡೆಯ ರೈತರು, ವ್ಯಾಪಾರಸ್ಥರು ಕೂಡಿ ವಿಚಾರ ಮಾಡುವ ಕಾಲ ಬಂದಿದೆ.

ಹೊಸ ನೀರಿನ ಹಬ್ಬ

ಜ್ಯೇಷ್ಠದ ಹುಣ್ಣಿಮೆ ನಮಗೆ ಕಾರಹುಣ್ಣಿಮೆ, ತೆಲುಗಿನವರಿಗೆ ಏರುವಾಕ. ಅದೇ ಹಬ್ಬಕ್ಕೆ ಇಚಲಕರಂಜಿ, ಗಡಹಿಂಗ್ಲಜ ಕಡೆ 'ಕರ್ನಾಟಕೀ ಬೇಂದೂರ' ಅನ್ನುತ್ತಾರೆ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯುತ್ತಾರೆ. ತಿಂಗಳು ಕಳೆದ ಮೇಲೆ ಆಷಾಢದಲ್ಲಿ 'ಮಹಾರಾಷ್ಟ್ರ ಬೇಂದೂರ'. ಒಂದೇ ಜಿಲ್ಲೆಯಲ್ಲಿ ಬಸವಣ್ಣನಿಗೆ ಎರಡು ಹಬ್ಬ! ಭಾಷಾವಾರು ರಾಜ್ಯ ಕಟ್ಟಿದವರಿಗೆ ಎತ್ತುಗಳ ಪಂಚಾಂಗ ಬೇರೆ ಮಾಡಲಿಕ್ಕೆ ಆಗಿಲ್ಲ.

ಆಷಾಢದಲ್ಲಿ ಪಂಚಗಂಗೆಗೆ ಕೆಂಪು ನೀರು ಬರುತ್ತಿದ್ದಂತೆ ಕೊಲ್ಹಾಪುರದ ಹೆಣ್ಣುಮಕ್ಕಳು ಆ ಹೊಸ ನೀರನ್ನು ಕೊಡದಲ್ಲಿ ತುಂಬಿ, ವಾದ್ಯ ಬಾರಿಸುತ್ತ ತ್ರ್ಯಂಬೂಲಿ ದೇವಿಯ ಗುಡ್ಡಕ್ಕೆ ಹೊತ್ತು ಮೆಟ್ಟಿಲಿಗೆ ಸುರಿಯುತ್ತಾರೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆ, ಗುಪ್ತಗಾಮಿನಿ ಸರಸ್ವತಿ ಸೇರಿ ಐದು. ಪ್ರಯಾಗ ಚಿಖಲಿಯಲ್ಲಿ ಕೂಡಿ ಪಂಚಗಂಗಾ ಆಗುತ್ತದೆ. ಅದು ನಗರ ದಾಟಿ, ಇಚಲಕರಂಜಿ ಮುಟ್ಟಿ, ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ.

ನರಸೋಬವಾಡಿ ಪೂರ್ತಿ ದಡದ ಊರು. ಪೇಡೆ, ಬಾಸುಂದಿ ಅಂಗಡಿ, ಹೂವು ಮಾರುವವರು, ದೋಣಿ ನಡೆಸುವವರು, ನದಿ ಮಣ್ಣಿನಲ್ಲಿ ಬದನೆ ಬೆಳೆಯುವವರು ಎಲ್ಲರ ಹೊಟ್ಟೆಪಾಡೂ ದತ್ತನ ಗುಡಿ ಮತ್ತು ಹೊಳೆಯ ಆಧಾರದ ಮೇಲೆ. ಇಲ್ಲಿ 12 ವರ್ಷ ಇದ್ದರೆಂದು ಹೇಳುವ ನರಸಿಂಹ ಸರಸ್ವತಿಗಳು ಮುಂದೆ ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಬಂದರು. ಹಾಗಾಗಿ ಹುಣ್ಣಿಮೆಗೆ ವಾಡಿ ಕಡೆ ಹೊರಟ ಬಸ್ಸಿನಲ್ಲಿ ಕನ್ನಡ ಮಾತು ಸಾಮಾನ್ಯ. ಮಳೆಗಾಲದಲ್ಲಿ ನೀರು ಉತ್ತರದ ಬಾಗಿಲಿನಿಂದ ಗುಡಿ ಹೊಕ್ಕು, ಪಾದುಕೆಗಳ ಮೇಲೆ ಹರಿದು, ದಕ್ಷಿಣದ ಬಾಗಿಲಿನಿಂದ ಹೊರಬೀಳುತ್ತದೆ. ಇದಕ್ಕೆ 'ದಕ್ಷಿಣದ್ವಾರ' ಅಂತ ಹೆಸರು. ಆ ನೀರಿನಲ್ಲಿ ಮೀಯಲು ಜನ ಓಡಿ ಬರುತ್ತಾರೆ. ಉತ್ಸವಮೂರ್ತಿಯನ್ನು ಎತ್ತರಕ್ಕೆ ಒಯ್ಯುತ್ತಾರೆ, ಅಂಗಡಿಯವರು ಸಾಮಾನು ಮೇಲೆ ಏರಿಸುತ್ತಾರೆ, ನೀರು ಇಳಿದ ಮೇಲೆ ಕೆಸರು ತೊಳೆಯುತ್ತಾರೆ. ನೆರೆ ಅಲ್ಲಿ ಹೊಸ ಅತಿಥಿಯಲ್ಲ. ಅದಕ್ಕೆ ಬರುವ ದಾರಿ, ಹೋಗುವ ದಾರಿ ಎರಡನ್ನೂ ಗುಡಿ ಕಟ್ಟಿದವರೇ ಬಿಟ್ಟಿದ್ದಾರೆ.

ಅಡಿ, ಅಂಗುಲದ ಮಳೆಗಾಲ

ಆ ಕಡೆಯ ಒಕ್ಕಲಿಗರು ಪುನರ್ವಸು ಮಳೆಗೆ 'ತರಣಾ', ಪುಷ್ಯಕ್ಕೆ 'ಮ್ಹಾತಾರಾ' ಅನ್ನುತ್ತಾರೆ. ಒಂದು ಹರೆಯದ ಮಳೆ, ಇನ್ನೊಂದು ಮುದುಕನ ಮಳೆ. ಹದಿನೈದು ದಿನ ಸೋನೆ ಹಿಡಿದು ಭತ್ತ, ಕಬ್ಬು ತಣಿಸುವ ಮುದುಕನಿಗೆ ಈಗ ಸಿಟ್ಟು ಜಾಸ್ತಿ ಆಗಿದೆ. 2021 ಹಾಗೂ 2024ರ ನೆರೆ ಬಂದದ್ದು ಪುಷ್ಯದಲ್ಲಿ. 2019ರ ಮಹಾಪೂರ ಬಂದದ್ದು ಆಶ್ಲೇಷಾದಲ್ಲಿ. ನಾಲ್ಕೈದು ದಿನದಲ್ಲಿ ತಿಂಗಳ ಮಳೆ ಸುರಿದರೆ ಯಾವ ನಕ್ಷತ್ರದ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ.

ಈಗ ಎಲ್ಲರೂ ನೋಡುವುದು ಕೊಲ್ಹಾಪುರದ ರಾಜಾರಾಮ ಬಂಧಾರದ ಅಳತೆಗಂಬ. 39 ಅಡಿಗೆ ಎಚ್ಚರಿಕೆ, 43 ಅಡಿಗೆ ಅಪಾಯ. 39 ಆಯಿತೆಂದರೆ ಚಿಖಲಿ, ಆಂಬೇವಾಡಿಯವರು ದನಕರು ಬಿಚ್ಚುತ್ತಾರೆ. ಶಾಹೂ ಮಹಾರಾಜರು ಕೆಲಸ ಆರಂಭಿಸಿದ ರಾಧಾನಗರಿ ಅಣೆಕಟ್ಟಿಗೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ನೀರು ಮಟ್ಟ ಮುಟ್ಟಿದರೆ ತಾವೇ ತೆರೆಯುತ್ತವೆ. "ಇವತ್ತ ಎಷ್ಟ ದರವಾಜಾ ಉಘಡ್ಯಾವ?" ಎಂಬುದು ಚಹಾದಂಗಡಿಯ ಮಾತು. 2019ರಲ್ಲೂ 2021ರಲ್ಲೂ ಆ ಕಂಬದಲ್ಲಿ ನೀರು 55 ಅಡಿ ದಾಟಿತು. 2019ರ ಆಗಸ್ಟ್‌ನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಶಿರೋಲಿ ಬಳಿ ವಾರದಷ್ಟು ಕಾಲ ಬಂದ್ ಆಗಿ, ಲಾರಿಗಳು ಸಾಲುಗಟ್ಟಿ ನಿಂತವು. ಬೆಳಗಾವಿಯ ಕಾಯಿಪಲ್ಲೆ ಲಾರಿಯಲ್ಲೇ ಕೊಳೆಯಿತು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳುವ ಅವಶ್ಯಕತೆ ಇಲ್ಲ.

ಶಿರೋಳ ತಾಲೂಕಿನ ಒಬ್ಬ ತರುಣ ರೈತ ನನಗೆ ಹೇಳಿದ: "ನೀರ ಏರೂದು ಎರಡ ದಿನ, ಇಳಿಯೂದು ಎಂಟ ದಿನರೀ ಕಾಕಾ. ಏರಿದ್ದಕ್ಕ ಅಲ್ಲ, ನಿಂತಿದ್ದಕ್ಕ ನಾವು ಸತ್ತೀವಿ." ಇದು ಸರಿಯಾದ ಮಾತು. ಕೊಯ್ನೆಯ ನೀರು ಹೊತ್ತು ಸಾಂಗಲಿ ಮೇಲಿಂದ ಕೃಷ್ಣೆ ತುಂಬಿ ಬಂದರೆ ಪಂಚಗಂಗೆಗೆ ವಾಡಿಯಲ್ಲಿ ಒಳಗೆ ಹೋಗಲು ಜಾಗ ಸಿಗುವುದಿಲ್ಲ. ನೀರು ಹಿಂದಕ್ಕೆ ಸರಿದು ಶಿರೋಳ, ಇಚಲಕರಂಜಿ ತನಕ ತುಂಬುತ್ತದೆ. ಕಬ್ಬು ನಾಲ್ಕು ದಿನ ನೀರು ತಡೆಯುತ್ತದೆ. ಸುಳಿಯೇ ಮುಳುಗಿ ಎಂಟು ದಿನ ನಿಂತರೆ ಒಳಗೆ ಕೊಳೆಯುತ್ತದೆ. ಸೋಯಾ, ಶೇಂಗಾ ಅದಕ್ಕೂ ಮೊದಲೇ ಹೋಗಿರುತ್ತವೆ.

ಹಲಗೆ ಹಾಕುವ ಕಾಲ

ದಸರಾ ಹೊತ್ತಿಗೆ ಹೊಳೆ ಶಾಂತವಾದಾಗ ಬಂಧಾರಗಳಿಗೆ ಹಲಗೆ ಕೂಡಿಸುತ್ತಾರೆ. ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮುಂಗಾರಿಗೆ ಮೊದಲು ತೆಗೆಯುವುದು. ಕರ್ನಾಟಕದಲ್ಲೂ ನಾವು ಇದಕ್ಕೆ 'ಕೊಲ್ಹಾಪುರ ಮಾದರಿ ಬಾಂದಾರ' ಅಂತಲೇ ಕರೆಯುತ್ತೇವೆ. ಹೊಳೆಯನ್ನು ಮಳೆಗಾಲದಲ್ಲಿ ಬಿಡಬೇಕು, ಬೇಸಿಗೆಗೆ ಹಿಡಿಯಬೇಕು ಎಂಬ ತಿಳಿವಳಿಕೆ ಈ ಹಲಗೆಯಲ್ಲಿದೆ.

ಕಾರ್ತಿಕ ಹುಣ್ಣಿಮೆಯ ನಸುಕಿನಲ್ಲಿ ಪಂಚಗಂಗಾ ಘಾಟಿನ ಮೆಟ್ಟಿಲ ತುಂಬ ದೀಪ ಹಚ್ಚುತ್ತಾರೆ. ಆ ಸುಮಾರಿಗೆ ಜಯಸಿಂಗಪುರದಲ್ಲಿ ರಾಜು ಶೆಟ್ಟಿಯವರ ಸ್ವಾಭಿಮಾನಿ ಸಂಘಟನೆಯ ಊಸ ಪರಿಷತ್ತು ಸೇರಿ ಕಬ್ಬಿನ ದರ ಕೇಳುತ್ತದೆ. ಅಲ್ಲಿಯ ದರಕ್ಕೆ ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ರೈತರೂ ಕಿವಿಗೊಡುತ್ತಾರೆ. ಬೀಡ ಜಿಲ್ಲೆಯ ಕಬ್ಬು ಕಡಿಯುವ ಟೋಳಿಗಳು ಸಂಸಾರ ಸಮೇತ ಬಂದು ಗುಡಿಸಲು ಹಾಕುತ್ತವೆ. ಗುರ್ಹಾಳಗಳಲ್ಲಿ, ಅಂದರೆ ಬೆಲ್ಲದ ಆಲೆಮನೆಗಳಲ್ಲಿ, ಒಲೆ ಹತ್ತುತ್ತದೆ. ಹೊಳೆ ಈಡಿನಲ್ಲಿ ನೆರೆ ನಿಂತ ವರ್ಷ ಆ ಹೊಲದ ಕಬ್ಬಿಗೆ ತೂಕವೂ ಇಲ್ಲ, ಸಿಹಿಯೂ ಇಲ್ಲ.

ಗಡಹಿಂಗ್ಲಜದ ಕಥೆ ಸ್ವಲ್ಪ ಬೇರೆ. ಆಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಮಗ್ಗುಲಿಂದ ಹರಿದು ಘಟಪ್ರಭೆಗೆ ಸೇರುತ್ತದೆ. ತಾಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಅಲ್ಲಿಯ ಜವಾರಿ ಮೆಣಸಿನಕಾಯಿ ಮಹಾರಾಷ್ಟ್ರದ ಪೇಟೆಯಲ್ಲಿ ಮಾರಾಟವಾಗುವುದು ಕರ್ನಾಟಕದ ಊರಿನ ಹೆಸರಿನಿಂದ: 'ಸಂಕೇಶ್ವರಿ'. ಹೊಳೆಗೂ ಮೆಣಸಿನಕಾಯಿಗೂ ಗಡಿ ಗೊತ್ತಿಲ್ಲ.

ಬೇಸಿಗೆಯ ಕಪ್ಪು ನೀರು

ಇನ್ನು ಬೇಸಿಗೆ. ಮಳೆಗಾಲದಲ್ಲಿ ಊರು ಮುಳುಗಿಸಿದ ಹೊಳೆಯ ದಡದಲ್ಲೇ ಕುಡಿಯುವ ನೀರಿಲ್ಲ. ಕೊಲ್ಹಾಪುರದ ಜಯಂತಿ ನಾಲೆಯ ಹೊಲಸು, ಕಾರ್ಖಾನೆಗಳ ನೀರು, ಬಟ್ಟೆಗೆ ಬಣ್ಣ ಹಾಕಿದ ನೀರು ಎಲ್ಲ ಸೇರಿ ಪಂಚಗಂಗೆ ಕಪ್ಪಾಗುತ್ತದೆ. ತೇರವಾಡ ಬಂಧಾರದಲ್ಲಿ ನೊರೆ, ಸತ್ತ ಮೀನು. ಇಚಲಕರಂಜಿ ಹತ್ತಿರ ಜಲಕುಂಭಿ ಕಳೆ ಎಷ್ಟು ಹಬ್ಬುತ್ತದೆಂದರೆ ನೋಡಿದವರು ಹಸಿರು ಹೊಲ ಅಂದುಕೊಳ್ಳಬೇಕು.

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಈಗ ಮಗ್ಗಗಳ ಸಂಖ್ಯೆ ಲಕ್ಷದ ಲೆಕ್ಕದಲ್ಲಿ. 2022ರಲ್ಲಿ ಊರು ಮಹಾನಗರಪಾಲಿಕೆಯೂ ಆಯಿತು. ನಮ್ಮ ಕಡೆಯ ಹತ್ತಿ ಅಲ್ಲಿ ನೂಲಾಗಿ, ಬಟ್ಟೆಯಾಗುತ್ತದೆ. ಅಂಥ ಊರಿನ ನಳಕ್ಕೆ ದಿನಾ ನೀರಿಲ್ಲ. 2012ರ ಬೇಸಿಗೆಯಲ್ಲಿ ಅಲ್ಲಿ ಕಾಮಾಲೆ ಹರಡಿ ಸಾವಿರಾರು ಜನ ಮಲಗಿದರು, ಸಾವುಗಳೂ ಆದವು. ಕೃಷ್ಣೆಯಿಂದ ಪೈಪು ಹಾಕಿದ್ದು ಸಾಲಲಿಲ್ಲ. ವಾರಣೆಯಿಂದ ನೀರು ಅಂದಾಗ ದಾನೋಳಿ ಭಾಗದ ರೈತರು ಅಡ್ಡ ನಿಂತರು. ಕಾಗಲ ತಾಲೂಕಿನ ಸುಳಕೂಡದಿಂದ ದೂಧಗಂಗೆ ನೀರು ಅಂದಾಗ ಆ ದಡದವರು ಅಡ್ಡ ನಿಂತರು. ದೂಧಗಂಗೆಯೇ ಕೆಳಗೆ ನಮ್ಮ ಸದಲಗಾ ಭಾಗಕ್ಕೂ ನೀರು ಕೊಡುವ ಹೊಳೆ. ಮನೆ ಮುಂದಿನ ಹೊಳೆ ಹೊಲಸು ಮಾಡಿ ಪರರ ಹೊಳೆಗೆ ಪೈಪು ಹಾಕುವುದು ಎಷ್ಟು ದಿನ ನಡೆದೀತು? ಮಗ್ಗದ ಕೂಲಿಕಾರನ ನೀರಡಿಕೆ ಸುಳ್ಳಲ್ಲ, ರೈತನ ಅಂಜಿಕೆಯೂ ಸುಳ್ಳಲ್ಲ. ಪಂಚಗಂಗೆ ಶುದ್ಧವಾಗಿದ್ದರೆ ಈ ಇಬ್ಬರಿಗೂ ಜಗಳದ ಪ್ರಸಂಗವೇ ಬರುತ್ತಿರಲಿಲ್ಲ.

ಆಲಮಟ್ಟಿ ಎಂಬ ಅಡ್ಡಮಾತು

ಇದೆಲ್ಲದರ ನಡುವೆ ಎರಡೂ ರಾಜ್ಯದ ಮುಖಂಡರಿಗೆ ಸಿಕ್ಕ ಸುಲಭ ವಿಷಯ ಆಲಮಟ್ಟಿ. ಈಗ ಅದರ ಪೂರ್ಣ ಮಟ್ಟ 519.60 ಮೀಟರ್. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿತು. 2025ರಲ್ಲಿ ಮಹಾರಾಷ್ಟ್ರ ಸರ್ಕಾರ ಬಹಿರಂಗವಾಗಿ ವಿರೋಧಿಸಿತು. ಅದೇ ವರ್ಷ ಕರ್ನಾಟಕ ಸರ್ಕಾರ ಮುಳುಗಡೆಯಾಗುವ 75 ಸಾವಿರ ಎಕರೆ ಆಸುಪಾಸು ಜಮೀನಿಗೆ ದರ ನಿಶ್ಚಯಿಸಿತು.

ನಾನು ಕೆಳದಂಡೆಯ ರೈತ. ನಮ್ಮ ಕಾಲುವೆಗೆ ನೀರು ಬೇಕು, ಆಲಮಟ್ಟಿ ಎತ್ತರವಾಗಲಿ ಎಂಬುದೇ ನನ್ನ ಆಸೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಶಿರೋಳದ ರೈತನ ಅಂಜಿಕೆಯನ್ನು ನಕ್ಕು ತಳ್ಳಿಹಾಕಲಾರೆ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ, 2019ರ ನೆರೆಗೆ ಆಲಮಟ್ಟಿ ಕಾರಣವಲ್ಲ, ವಿಪರೀತ ಮಳೆ ಮತ್ತು ನದಿಪಾತ್ರದ ಒತ್ತುವರಿ ಕಾರಣ ಎಂಬರ್ಥದ ಮಾತಿದೆ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಮಂತ್ರಿ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರ ಜೊತೆ ನೀರು ಬಿಡುವ ಹೊಂದಾಣಿಕೆ ಮಾತಾಡಿದರು. ಮುಂದಿನ ತಿಂಗಳೇ ಮತ್ತೆ ನೆರೆ ಬಂತು. ಅಂದಮೇಲೆ ಕಾರಣವನ್ನು ಕೆಳಗೆ ಮಾತ್ರ ಹುಡುಕಿದರೆ ಸಾಲದು.

ತೆಲುಗಿನಲ್ಲಿ 'ಏರು' ಅಂದರೆ ಹೊಳೆ, ಕನ್ನಡದಲ್ಲಿ 'ಏರಿ' ಅಂದರೆ ಒಡ್ಡು. ಒಂದು ಹರಿಯುತ್ತದೆ, ಇನ್ನೊಂದು ತಡೆಯುತ್ತದೆ. ಈಗ ಏರಿನ ಜಾಗದಲ್ಲೆಲ್ಲ ಏರಿಗಳೇ. ಸೇತುವೆಯ ಎರಡೂ ಮಗ್ಗುಲಿಗೆ ಎತ್ತರದ ಮಣ್ಣಿನ ರಸ್ತೆ, ನೀಲಿ ಗೆರೆಯೊಳಗೆ ಲೇಔಟು, ಮಂಗಲ ಕಾರ್ಯಾಲಯ. ಸರ್ಕಾರವೇ ನಕ್ಷೆಯಲ್ಲಿ ನೆರೆಯ ನೀಲಿ ಗೆರೆ, ಕೆಂಪು ಗೆರೆ ಎಳೆದಿದೆ. ಆ ಗೆರೆ ಕಾಗದದ ಮೇಲೆ ಉಳಿದಿದೆ.

ಆಗಬೇಕಾದ್ದು

ಎಸ್.ಎಸ್.ಎಲ್.ಸಿ. ತನಕ ಓದಿದ ನನ್ನಂಥವನಿಗೂ ತಿಳಿಯುವ ಮೂರು ಮಾತಿವೆ. ಒಂದು, ರಾಜಾರಾಮ ಬಂಧಾರ, ನರಸೋಬವಾಡಿ, ಹಿಪ್ಪರಗಿ, ಆಲಮಟ್ಟಿ, ನಾರಾಯಣಪುರ ಈ ಐದು ಕಡೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ಮಳೆಗಾಲದ ಪ್ರತಿದಿನ ಮುಂಜಾನೆ ಒಂದೇ ಹೊತ್ತಿಗೆ ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಆಕಾಶವಾಣಿಯಲ್ಲಿ, ಪಂಚಾಯತಿ ಫಲಕದಲ್ಲಿ, ಮೊಬೈಲಿನಲ್ಲಿ ಬರಬೇಕು. ಆಗ ಚಿಖಲಿಯವನು ದನ ಬಿಚ್ಚುವ ಹೊತ್ತಿಗೇ ನಡುಗಡ್ಡೆಯವನು ಪಂಪಸೆಟ್ಟು ಎತ್ತಿಡಬಲ್ಲ, ಲಾರಿ ಮಾಲೀಕ ದಾರಿ ಬದಲಿಸಬಲ್ಲ. ಎರಡು, ಆಲಮಟ್ಟಿಯ ಎತ್ತರದ ತೀರ್ಮಾನ ನ್ಯಾಯಾಲಯದಲ್ಲಿ ಏನೇ ಆಗಲಿ, ಜುಲೈ–ಆಗಸ್ಟ್‌ನಲ್ಲಿ ಎಷ್ಟು ಖಾಲಿ ಇಡಬೇಕು, ಯಾವಾಗ ತುಂಬಬೇಕು ಎಂಬ ನಿಯಮವನ್ನು ಎರಡೂ ಸರ್ಕಾರ ಬರೆದು, ಜನರ ಮುಂದೆ ಇಡಬೇಕು. ಕೊಯ್ನಾ, ರಾಧಾನಗರಿಗೂ ಅದೇ ನಿಯಮ ಇರಲಿ. ಮೂರು, ಪಂಚಗಂಗೆಗೆ ಹೊಲಸು ಬಿಡುವುದು ನಿಲ್ಲಲೇಬೇಕು. ಅದೇ ನೀರು ಕುರುಂದವಾಡ ದಾಟಿ ನಮ್ಮ ಗಡಿಯ ಹಳ್ಳಿಗಳ ಬಾಯಿಗೆ ಬರುತ್ತದೆ.

ಕನ್ನಡದಲ್ಲಿ ನೆರೆ ಅಂದರೆ ಪ್ರವಾಹ, ನೆರೆ ಅಂದರೆ ಪಕ್ಕದ ಮನೆ. ಪ್ರವಾಹ ಬಂದು ಹೋಗುತ್ತದೆ, ಪಕ್ಕದ ಮನೆಯವರು ಅಲ್ಲೇ ಇರುತ್ತಾರೆ. ಮುಂದಿನ ಪುಷ್ಯ ಮಳೆ ಬರುವುದರೊಳಗೆ ನಮ್ಮ ನಮ್ಮ ಪಂಚಾಯತಿ, ಎಪಿಎಂಸಿಗಳಲ್ಲಿ ಈ ಮೂರು ಮಾತಿನ ಠರಾವು ಮಾಡಿ ಎರಡೂ ಸರ್ಕಾರಗಳಿಗೆ ಕಳಿಸೋಣ. ಜಗಳ ಮಾಡುವವರು ಮಾಡುತ್ತಿರಲಿ, ಲೆಕ್ಕ ಕೇಳುವವರು ನಾವಾಗೋಣ.