ಬೇವಿನೆಣ್ಣೆಗೆ 'ಸ್ವಲ್ಪ' ಸೋಪು

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪ ಕಾಫಿ ಕುಡಿಯಲೂ ಬಿಡದೆ ಬದನೆ ಸಾಲಿನ ಹತ್ತಿರ ಕರೆದುಕೊಂಡು ಹೋದರು. ಈ ತುದಿಯ ಗಿಡಗಳಲ್ಲಿ ಹೇನು ಆರಾಮಾಗಿ ಸಂಸಾರ ಮಾಡಿಕೊಂಡಿದ್ದವು. ಆ ತುದಿಯವುಗಳ ಎಲೆ ಸುಟ್ಟು ಕರಕಲು. ಒಂದೇ ಕ್ಯಾನಿನ ಬೇವಿನೆಣ್ಣೆ, ಒಂದೇ ಸಂಜೆ ಹೊಡೆದದ್ದು! "ಕೆಮಿಸ್ಟ್ರಿ ಓದಿದೀಯಲ್ಲ, ಹೇಳು ಮತ್ತೆ" ಅಂದರು.

ಅವರ ಕೈಯಲ್ಲಿದ್ದ ಕರಪತ್ರದಲ್ಲಿ ಇದ್ದದ್ದು ಇಷ್ಟೇ: ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು, ಬೆರೆಸಿ ಸಿಂಪಡಿಸಿ. ಅಪ್ಪ 16 ಲೀಟರಿನ ಕ್ಯಾನಿಗೆ ಬೋರ್‌ವೆಲ್ ನೀರು ತುಂಬಿ, ಎಣ್ಣೆ ಸುರಿದು, ಕೊನೆಗೆ ಮೈಸೋಪಿನ ಒಂದು ಚೂರು ಕದಡಿದ್ದರು. ನಮ್ಮೂರಿನ ಬೋರ್ ನೀರು ಎಷ್ಟು ಗಡಸು ಅಂದರೆ ಸ್ನಾನಕ್ಕೆ ನೊರೆಯೇ ಬರುವುದಿಲ್ಲ.

ಎಣ್ಣೆ-ನೀರು ಬೆರೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಸೋಪಿನ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ಎಣ್ಣೆಯನ್ನು ಇಷ್ಟಪಡುವ ಬಾಲ. ಎಣ್ಣೆಯ ಹನಿಯೊಳಗೆ ಬಾಲ ನೆಟ್ಟು, ತಲೆ ಹೊರಗಿಟ್ಟು ಸುತ್ತ ಕಾವಲು ನಿಲ್ಲುತ್ತದೆ. ತಲೆಗಳೆಲ್ಲ ಋಣ ವಿದ್ಯುದಂಶದವು, ಹಾಗಾಗಿ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಇದೇ ಎಮಲ್ಷನ್. (ಕನ್ನಡದಲ್ಲಿ ಏನನ್ನಬೇಕು ಎಂಬ ಜಗಳ ಇನ್ನೊಂದು ದಿನಕ್ಕಿರಲಿ.) ಹಾಲೂ ಅದೇ ಜಾತಿ, ಅಲ್ಲಿ ಜಿಡ್ಡಿನ ಹನಿಗಳಿಗೆ ಬೇರೆಯದೇ ಪೊರೆ. ಅಮ್ಮ ಮೊಸರು ಕಡೆಯುವಾಗ ಆ ಪೊರೆ ಹರಿದು ಬೆಣ್ಣೆ ಬರುತ್ತದೆ.

ಗಡಸು ನೀರಿನ ಕ್ಯಾಲ್ಸಿಯಂ ಈ ಕಾವಲುಗಾರರನ್ನೇ ಹಿಡಿದು ಗಸಿ ಮಾಡಿಬಿಡುತ್ತದೆ. ಎಣ್ಣೆ ಮೇಲೆ ತೇಲಿತು. ಪಂಪು ಎಳೆಯುವುದು ಕ್ಯಾನಿನ ತಳದಿಂದ! ಮೊದಲ ಗಿಡಗಳಿಗೆ ಬರೀ ನೀರು, ಕೊನೆಯವಕ್ಕೆ ಬರೀ ಎಣ್ಣೆ.

ಸೋಪನ್ನೇ ಬೇಡದ ಒಂದು ಜಾತಿ ಇದೆ ಅಂದುಕೊಳ್ಳಬೇಡಿ. ಮೈಕ್ರೋಎಮಲ್ಷನ್ ಅಂತ ಇದೆ, ಹೋರ್ ಮತ್ತು ಶುಲ್ಮನ್ 1943ರಲ್ಲೇ ವರದಿ ಮಾಡಿದ್ದು. ಹನಿಗಳು ಎಷ್ಟು ಸಣ್ಣವೆಂದರೆ ದ್ರಾವಣ ನೀರಿನ ಹಾಗೆ ತಿಳಿಯಾಗಿ ಕಾಣುತ್ತದೆ, ತಾನಾಗಿ ಒಡೆಯುವುದೂ ಇಲ್ಲ. ಆದರೆ ಅದಕ್ಕೆ ಸರ್ಫ್ಯಾಕ್ಟೆಂಟ್ ಇನ್ನೂ ಹೆಚ್ಚು ಬೇಕು. ಬದನೆ ಗಿಡಕ್ಕೆ ಅಷ್ಟೆಲ್ಲ ಸಡಗರ ಬೇಡ.

ನನ್ನ ಸಿಟ್ಟು ಆ 'ಸ್ವಲ್ಪ'ದ ಮೇಲೆ. ಯಾವ ಸೋಪು, ಎಷ್ಟು, ಯಾವ ನೀರು, ಯಾವುದರ ನಂತರ ಯಾವುದು? ರೈತನಿಗೆ ಕಾರಣ ಬೇಕಿಲ್ಲ, ಅಳತೆ ಸಾಕು ಅಂದುಕೊಳ್ಳುವವರು ಅಳತೆಯನ್ನೂ ಕೊಟ್ಟಿಲ್ಲ ನೋಡಿ. ಗಡಸು ನೀರಿಗೆ ಸೋಪು ಸೋಲುತ್ತದೆ ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು, ಅಪ್ಪ ಬೋರ್ ನೀರು ಮುಟ್ಟುತ್ತಲೇ ಇರಲಿಲ್ಲ. ನಾವು ಬ್ಲಾಗಿಗರೂ ಕಮ್ಮಿಯೇನಲ್ಲ ಬಿಡಿ, ಮನೆಮದ್ದು, ಕೈತೋಟ ಅಂತ ಬರೆಯುವಾಗ 'ಸ್ವಲ್ಪ', 'ಬೇಕಾದಷ್ಟು' ಅಂತ ನಾನೂ ಎಷ್ಟೋ ಸಲ ಜಾರಿಕೊಂಡಿದ್ದೇನೆ :)

ಈ ಸಲ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು ತೆಗೆದುಕೊಂಡೆವು. ಮೊದಲು ಎಣ್ಣೆಗೆ ಸೋಪಿನ ನೀರು ಹಾಕಿ ಚೆನ್ನಾಗಿ ಕಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ (ಅಯ್ಯೋ, ಮತ್ತೆ ಅದೇ!) ನೀರು ಸೇರಿಸಿದೆವು. ಒಂದು ಲೋಟ ಪಕ್ಕಕ್ಕಿಟ್ಟು ಅರ್ಧ ಗಂಟೆ ಕಾದರೂ ಮೇಲೆ ಎಣ್ಣೆ ಕಟ್ಟಲಿಲ್ಲ. ಎರಡು ಗಿಡಕ್ಕೆ ಮಾತ್ರ ಹೊಡೆದು, ಮರುದಿನ ಎಲೆ ನೋಡಿ, ಉಳಿದವಕ್ಕೆ ಹೊಡೆದರು ಅಪ್ಪ.

ಸುಟ್ಟ ಗಿಡಗಳಲ್ಲಿ ನಾಲ್ಕು ಚಿಗುರಿವೆಯಂತೆ, ನಿನ್ನೆ ಫೋನಿನಲ್ಲಿ ಹೇಳಿದರು. ಉಳಿದವನ್ನು ಕಿತ್ತು ತಿಪ್ಪೆಗೆ ಹಾಕಿದ್ದಾರೆ.