ತುಳುನುಡಿಯ ಸ್ಥಾನಮಾನ

ತುಳುವು ಕನ್ನಡದ ಒಂದು ಉಪಭಾಷೆಯೆಂಬ ಮಾತು ನಮ್ಮ ನಗರದಲ್ಲಿ, ವಿದ್ಯಾವಂತರ ಮತ್ತು ಅಧಿಕಾರಿವರ್ಗದವರ ಬಾಯಲ್ಲಿಯೂ ಕೂಡ, ಆಗಾಗ ಕೇಳಿಬರುತ್ತದೆ. ಆಡುವವರ ಉದ್ದೇಶವು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬಹುಮಟ್ಟಿಗೆ ಅದು ಕನ್ನಡಾಭಿಮಾನದಿಂದಲೇ ಹೊರಟ ಮಾತು. ಆದರೆ ಅಭಿಮಾನವು ಸತ್ಯಕ್ಕೆ ಎರವಾದರೆ ಅದರಿಂದ ಅಭಿಮಾನಕ್ಕೇ ಹಾನಿ. ಈ ಮಾತು ಶಾಸ್ತ್ರಸಮ್ಮತವಲ್ಲ; ಕನ್ನಡಕ್ಕೆ ಹಿತವೂ ಅಲ್ಲ.

ದೂರ ಹೋಗಬೇಕಾಗಿಲ್ಲ, ನಮ್ಮ ಅಕ್ಕಿಪೇಟೆಯ ಹೆಸರನ್ನೇ ತೆಗೆದುಕೊಳ್ಳೋಣ. ಕನ್ನಡಿಗರ ಅಕ್ಕಿ ಕೊಡವರಿಗೂ ಅಕ್ಕಿಯೇ. ತಮಿಳರಿಗೆ ಅದು ಅರಿಸಿ, ಮಲೆಯಾಳಿಗಳಿಗೆ ಅರಿ, ತುಳುವರಿಗೂ ಅರಿ. ಅಕ್ಕಿಯೆಂಬುದು ಸವೆದು ಅರಿಯಾಯಿತೆಂದು ಹೇಳಲು ಯಾವ ಶಬ್ದನಿಯಮವೂ ಒದಗುವುದಿಲ್ಲ. ಎರಡೂ ಒಂದು ಹಳೆಯ ಮೂಲದಿಂದ ಬೇರೆಬೇರೆ ದಾರಿ ಹಿಡಿದು ಬಂದ ಮಾತುಗಳು. ಹಾಗೆಂದು ತುಳುವು ತಮಿಳು ಮಲೆಯಾಳಗಳ ಕಡೆಗೇ ವಾಲುವುದೆಂದೂ ಅಲ್ಲ. ತಮಿಳು, ತೆಲುಗು, ಮಲೆಯಾಳಗಳಲ್ಲಿ ಚೆವಿಯೆಂದಾದದ್ದು ಕನ್ನಡದಲ್ಲಿ ಕಿವಿ, ತುಳುವಿನಲ್ಲಿ ಕೆಬಿ. ಹಳೆಯ ಕಕಾರವನ್ನು ಈ ಎರಡು ನುಡಿಗಳೂ ಉಳಿಸಿಕೊಂಡಿವೆ. ‘ಬಂದನು’ ಎಂಬುದಕ್ಕೆ ‘ಬತ್ತೆ’, ‘ಬಂದಿದ್ದಾನೆ’ ಎಂಬುದಕ್ಕೆ ‘ಬೈದೆ’ ಎಂದು ತುಳುವು ಒಂದೊಂದೇ ಪದದಲ್ಲಿ ಹೇಳಿಬಿಡುತ್ತದೆ. ಇಂತಹ ಕ್ರಿಯಾರೂಪಗಳುಳ್ಳ ನುಡಿಯನ್ನು ಮತ್ತೊಂದು ನುಡಿಯ ಅಪಭ್ರಂಶವೆಂದು ಕರೆಯುವುದು ಹೇಗೆ?

ಪಂಡಿತರು ಈ ವಿಚಾರವನ್ನು ಎರಡು ಶತಮಾನಗಳಿಂದ ಪರಿಶೀಲಿಸಿದ್ದಾರೆ. 1816ರಲ್ಲಿ ಎಲ್ಲಿಸ್ ಮಹಾಶಯನು ದಕ್ಷಿಣದ ನುಡಿಗಳ ಸೋದರಸಂಬಂಧವನ್ನು ಎತ್ತಿಹೇಳಿದಾಗ ಅವುಗಳ ಸಾಲಿನಲ್ಲಿ ತುಳುವನ್ನೂ ಎಣಿಸಿದನು. 1856ರಲ್ಲಿ ಪ್ರಕಟವಾದ ಕಾಲ್ಡ್‌ವೆಲ್ಲನ ಗ್ರಂಥವು ಅದನ್ನು ದ್ರಾವಿಡಕುಲದ ಬೆಳೆದ ಭಾಷೆಗಳಲ್ಲಿ ಒಂದೆಂದು ಗಣಿಸಿತು. 1872ರಲ್ಲಿ ಬ್ರಿಗೆಲ್ಲನ ವ್ಯಾಕರಣವೂ, 1886ರಲ್ಲಿ ಮ್ಯಾನರನ ನಿಘಂಟೂ ಹೊರಬಂದವು. ಈ ಕುಲದಲ್ಲಿ ತುಳುವು ಯಾವ ಶಾಖೆಗೆ ಸೇರಿತೆಂಬ ವಾದವು ಮಾತ್ರ ಬಹುಕಾಲ ನಡೆಯಿತು. 1968ರಲ್ಲಿ ಪಿ. ಎಸ್. ಸುಬ್ರಹ್ಮಣ್ಯಂ ಅವರು ಅದನ್ನು ಮಧ್ಯದ್ರಾವಿಡದ ಕಡೆಗೆ ಸೇರಿಸಲು ಯತ್ನಿಸಿದರು. ದಕ್ಷಿಣಶಾಖೆಯಿಂದ ಬಹು ಮೊದಲೇ ಕವಲೊಡೆದ ನುಡಿಯೆಂಬುದು 2003ರ ತಮ್ಮ ಗ್ರಂಥದಲ್ಲಿ ಭದ್ರಿರಾಜು ಕೃಷ್ಣಮೂರ್ತಿಗಳು ತಳೆದ ನಿಲುವು. ವಾದವು ಯಾವ ಕಡೆಗೆ ತೀರಿದರೂ ಒಂದಂಶವು ಸ್ಥಿರ: ತುಳುವು ಕನ್ನಡದ ಮಗಳಲ್ಲ, ಒಡಹುಟ್ಟಿದವಳು.

ಇದೇ ಸ್ಥಿತಿಯ ಇನ್ನೊಂದು ನುಡಿಯು ಸಮುದ್ರದಾಚೆ ಸುಮಾತ್ರದ ದಕ್ಷಿಣ ತುದಿಯಲ್ಲಿದೆ. ಅದು ಲಾಂಪುಂಗ್. ಮಡಗಾಸ್ಕರಿನಿಂದ ಈಸ್ಟರ್ ದ್ವೀಪದವರೆಗೆ ಹರಡಿದ, ಸಾವಿರಕ್ಕೂ ಮಿಕ್ಕ ಭಾಷೆಗಳುಳ್ಳ ಆಸ್ಟ್ರೋನೇಷಿಯನ್ ಕುಲಕ್ಕೆ ಅದು ಸೇರಿದ್ದು. ಅದನ್ನು ಕೆಲವರು ಮಲಯಭಾಷೆಯ ಸಮೀಪಕ್ಕೆ ಎಳೆದರು, ಕೆಲವರು ಬೇರೆ ಕಡೆಗೆ ಎಳೆದರು. ಈಗ ಅದನ್ನು ಪ್ರತ್ಯೇಕ ಶಾಖೆಯೆಂದೇ ಎಣಿಸುವವರು ಹೆಚ್ಚು. ಅದಕ್ಕೂ ಸ್ವಂತ ಲಿಪಿಯುಂಟು. ಡಚ್ಚರ ಸರ್ಕಾರವು 1905ರಿಂದ ಜಾವದ ಒಕ್ಕಲುಗಳನ್ನು ಆ ಸೀಮೆಗೆ ಸಾಗಿಸಿತು. ಸ್ವಾತಂತ್ರ್ಯಾನಂತರವೂ ಆ ವಲಸೆಯು ಮುಂದುವರಿದು, ಇಂದು ಲಾಂಪುಂಗ್ ಜನರು ತಮ್ಮ ಹೆಸರಿನ ಪ್ರಾಂತದಲ್ಲಿಯೇ ಅಲ್ಪಸಂಖ್ಯಾತರಾಗಿದ್ದಾರೆ. ಶಾಖೆಯ ಪ್ರಶ್ನೆಯನ್ನು ಪಂಡಿತರು ಬಿಡಿಸುವರು. ನುಡಿಯ ಉಳಿವಿನ ಪ್ರಶ್ನೆಯನ್ನು ಮನೆ, ಶಾಲೆ, ಕಚೇರಿಗಳು ಬಿಡಿಸಬೇಕು.

ತುಳುವಿಗೆ ಲಿಪಿಯಿಲ್ಲ, ಸಾಹಿತ್ಯವಿಲ್ಲ ಎಂಬ ಆಕ್ಷೇಪವನ್ನು ಕೆಲವರು ತರುತ್ತಾರೆ. ಗ್ರಂಥಲಿಪಿಯಿಂದ ಹುಟ್ಟಿದ ತುಳುಲಿಪಿಯಲ್ಲಿ ಬರೆದ ತಾಳೆಯೋಲೆಗಳು ಕರಾವಳಿಯ ಮಠಮನೆಗಳಲ್ಲಿವೆ. ಅರುಣಾಬ್ಜನ ತುಳು ಮಹಾಭಾರತ, ವಿಷ್ಣುತುಂಗನ ಶ್ರೀ ಭಾಗವತೊ ಮೊದಲಾದ ಕಾವ್ಯಗಳು ಅಂತಹ ಓಲೆಗಳಿಂದಲೇ ಬೆಳಕಿಗೆ ಬಂದವು. ಬಾಸೆಲ್ ಮಿಶನ್ನಿನವರು ಕನ್ನಡ ಅಕ್ಷರಗಳಲ್ಲಿ ತುಳುವನ್ನು ಅಚ್ಚುಹಾಕಿದ ಮೇಲೆ ಹಳೆಯ ಲಿಪಿಯು ಹಿಂದೆ ಬಿದ್ದಿತು. ಹಿಂದಿ ಮರಾಠಿಗಳೆರಡೂ ನಾಗರಿಯಲ್ಲಿ ಬರೆಯಲ್ಪಡುತ್ತವೆ. ಅವನ್ನು ಯಾರೂ ಒಂದೆನ್ನುವುದಿಲ್ಲ. ಬಾಯಿಯ ಸಾಹಿತ್ಯವಂತೂ ಅಪಾರ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯವು 1998ರಲ್ಲಿ ಅಚ್ಚಾದಾಗ 15,683 ಸಾಲುಗಳಾದವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳ ತುಳು ನಿಘಂಟು ಹೊರಬಂದಿದೆ.

ಇನ್ನು ಸಂಖ್ಯೆ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯಾಗಿ ಬರೆಯಿಸಿದವರು 18,46,427 ಮಂದಿ. ಅದೇ ಗಣತಿಯಲ್ಲಿ ಮಣಿಪುರಿಯವರು 17,61,079, ಬೋಡೊ ನುಡಿಯವರು 14,82,929. ಮಣಿಪುರಿಯು 1992ರಲ್ಲಿಯೂ ಬೋಡೊ 2003ರಲ್ಲಿಯೂ ರಾಜ್ಯಾಂಗದ ಎಂಟನೆಯ ಅನುಸೂಚಿಯನ್ನು ಸೇರಿದವು. ಅದು ನ್ಯಾಯವೇ, ಅವುಗಳ ಮೇಲೆ ನಮಗೆ ಅಸೂಯೆಯಿಲ್ಲ. ಆದರೆ ಇಪ್ಪತ್ತೆರಡು ಭಾಷೆಗಳ ಆ ಪಟ್ಟಿಯಲ್ಲಿ ತುಳುವಿಗೆ ಎಡೆಯಿಲ್ಲದಿರುವುದಕ್ಕೆ ಯುಕ್ತವಾದ ಕಾರಣವನ್ನು ಯಾರು ಹೇಳಬಲ್ಲರು?

ತುಳುವಿಗೆ ಮನ್ನಣೆಯಿತ್ತರೆ ಕನ್ನಡನಾಡು ಒಡೆದೀತೆಂಬ ಭಯವು ಕೆಲವರ ಮನಸ್ಸಿನಲ್ಲಿದೆ. ಇದು ಚರಿತ್ರೆಯನ್ನು ಮರೆತ ಭಯ. ಕನ್ನಡವನ್ನು ಬೆಳೆಸಿದವರೆಲ್ಲರ ಮನೆಮಾತು ಕನ್ನಡವಾಗಿರಲಿಲ್ಲ. ಪಂಜೆ ಮಂಗೇಶರಾಯರ ಮತ್ತು ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಾಗ ಅದನ್ನು ಕರ್ಣಾಟಕಕ್ಕೆ ತರಬೇಕೆಂದು ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಮನೆಯಲ್ಲಿ ಒಂದು ನುಡಿಯನ್ನು ಆಡಿ, ನಾಡಿಗಾಗಿ ಇನ್ನೊಂದನ್ನು ತಮ್ಮದೆಂದು ಅಪ್ಪಿದವರ ನಿಷ್ಠೆಯನ್ನು ಶಂಕಿಸುವುದು ಕೃತಘ್ನತೆಯಲ್ಲವೆ? ದೊಡ್ಡ ನುಡಿಗಳು ಕನ್ನಡವನ್ನು ಕಡೆಗಣಿಸಿದಾಗ ನಾವು ನ್ಯಾಯವನ್ನು ಬೇಡುತ್ತೇವೆ. ಅದೇ ನ್ಯಾಯವನ್ನು ನಮಗಿಂತ ಚಿಕ್ಕ ನುಡಿಗೆ ನಿರಾಕರಿಸಿದರೆ ನಮ್ಮ ಬೇಡಿಕೆಗೆ ಬಲವೆಲ್ಲಿಯದು?

ಮಾಡತಕ್ಕದ್ದು ಅಸಾಧ್ಯವಾದುದೇನೂ ಅಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ಆಡಳಿತಕ್ಕೆ ಅಂಗೀಕರಿಸಲು ರಾಜ್ಯಾಂಗದ 345ನೆಯ ವಿಧಿಯು ಶಾಸನಸಭೆಗೆ ಅಧಿಕಾರವಿತ್ತಿದೆ. 350ಎ ವಿಧಿಯು ಅಲ್ಪಸಂಖ್ಯಾತ ನುಡಿಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಹೇಳುತ್ತದೆ. ತುಳುವನ್ನು ಎರಡನೆಯ ಆಡಳಿತಭಾಷೆಯಾಗಿಸುವ ವಿಚಾರಕ್ಕಾಗಿ 2023ರಲ್ಲಿ ಸರ್ಕಾರವು ಡಾ. ಮೋಹನ ಆಳ್ವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿಗಳನ್ನು ನೇಮಿಸುವುದು ಸುಲಭ. ವರದಿಗಳು ಕಪಾಟು ಸೇರದಂತೆ ನೋಡಿಕೊಳ್ಳುವುದರಲ್ಲಿಯೇ ಸರ್ಕಾರದ ಪುರುಷಾರ್ಥವಿರುವುದು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕಚೇರಿಗೆ ಬರುವ ರೈತನು ತುಳುವಿನಲ್ಲಿ ಅಹವಾಲು ಹೇಳಿಕೊಂಡರೆ ಅದು ಅಲ್ಲಿ ಸಲ್ಲಬೇಕು. ಅಲ್ಲಿಗೆ ವರ್ಗವಾಗಿ ಹೋಗುವ ಅಧಿಕಾರಿಯು ನಾಲ್ಕು ಮಾತು ಕಲಿಯಬೇಕು. ಚಿಕ್ಕ ಮಕ್ಕಳ ಮೊದಲ ಪಾಠಗಳು ಮನೆಮಾತಿನಲ್ಲಿ ನಡೆಯಬೇಕು. ಇವುಗಳಿಂದ ಕನ್ನಡಕ್ಕೆ ಒಂದು ಕಾಸಿನ ನಷ್ಟವೂ ಇಲ್ಲ.

ತುಳುವಿನಲ್ಲಿ ‘ನಾವು’ ಎಂಬುದಕ್ಕೆ ಎರಡು ಮಾತುಗಳಿವೆ. ಕೇಳುವವರನ್ನು ಬಿಟ್ಟು ಹೇಳುವಾಗ ‘ಎಂಕುಲು’. ಅವರನ್ನೂ ಕೂಡಿಸಿಕೊಂಡು ಹೇಳುವಾಗ ‘ನಮ’. ಮಲಯಭಾಷೆಯಲ್ಲಿಯೂ ‘ಕಾಮಿ’, ‘ಕಿತಾ’ ಎಂದು ಇದೇ ಭೇದವುಂಟು. ನಮ್ಮ ಕನ್ನಡದ ‘ನಾವು’ ಈ ಭೇದವನ್ನು ಮಾಡುವುದಿಲ್ಲ. ಅದು ಒಳಗೊಳ್ಳಬಲ್ಲದು, ಹೊರಗಿಡಲೂ ಬಲ್ಲದು. ಕರ್ಣಾಟಕದ ಹೆಸರಿನಲ್ಲಿ ನಾವು ‘ನಾವು’ ಎಂದಾಗ ಕರಾವಳಿಯ ಸೋದರರಿಗೆ ಅದು ‘ನಮ’ ಎಂದೇ ಕೇಳಿಸುವಂತೆ ನಡೆದುಕೊಳ್ಳುವ ಹೊಣೆಯು ಕನ್ನಡಿಗರದು.